ಮಾಂಗಾ ಕಲಾವಿದರಾಗಲು ಯಾವ ವಯಸ್ಸು ತಡ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಜಪಾನಿನ ಚಿತ್ರಕಥೆಯಾದ ಮಾಂಗಾ ಕುರಿತು ಈ ಅಂಕಣಕ್ಕೆ ಬರುವ ಪತ್ರಗಳು ಪೆನ್ನು, ಕಾಗದ, ಸಾಫ್ಟ್‌ವೇರ್ ಎಂದು ಶುರುವಾದರೂ ಕೊನೆಗೆ ವಯಸ್ಸಿನ ಮಾತಿಗೇ ಬಂದು ನಿಲ್ಲುತ್ತವೆ. ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 34. ಅಕೌಂಟೆಂಟ್ ಕೆಲಸ. ಚಿಕ್ಕಂದಿನಿಂದ ಚಿತ್ರ ಬರೆಯುತ್ತಿದ್ದೇನೆ, ಎರಡು ವರ್ಷದಿಂದ ಮಾಂಗಾ ಅಭ್ಯಾಸ ಮಾಡುತ್ತಿದ್ದೇನೆ. ಜನಪ್ರಿಯ ಮಾಂಗಾ ‘ಒನ್ ಪೀಸ್’ ಶುರುವಾದಾಗ ಐಚಿರೋ ಓಡಾ ಅವರಿಗೆ ಬರೀ 22 ಅಂತೆ. ನನಗೆ ಕಾಲ ಮೀರಿತೇ?
– ದಾವಣಗೆರೆ

ಉತ್ತರ: ಆ 22ರ ಹಿಂದೆ ಇನ್ನೊಂದು ಸಂಖ್ಯೆ ಇದೆ, 17. ಓಡಾ ಅವರು 1992ರಲ್ಲಿ ಇನ್ನೂ ಶಾಲೆಯಲ್ಲಿದ್ದಾಗಲೇ ಶುಯೇಶಾ ಪ್ರಕಾಶನದ ತೆಜುಕಾ ಪ್ರಶಸ್ತಿ ಸ್ಪರ್ಧೆಯಲ್ಲಿ ಬಹುಮಾನ ಪಡೆದರು. ಧಾರಾವಾಹಿ ಶುರುವಾದದ್ದು 1997ರ ಜುಲೈನಲ್ಲಿ. ನಡುವಿನ ಐದು ವರ್ಷ ಬೇರೆ ಕಲಾವಿದರ ಬಳಿ ಸಹಾಯಕರಾಗಿ ದುಡಿದು, ಬಿಡಿ ಕಥೆಗಳನ್ನು ಮಾಡಿ, ಸಂಪಾದಕರಿಂದ ತಿದ್ದಿಸಿಕೊಂಡು ಕಳೆದದ್ದು. ನೀವು ನೋಡಬೇಕಾದದ್ದು ಆ ಐದು ವರ್ಷವನ್ನು. ಮೊದಲ ಮೆಚ್ಚುಗೆಯಿಂದ ಮೊದಲ ಧಾರಾವಾಹಿಯವರೆಗೆ ಮೂರರಿಂದ ಐದು ವರ್ಷ ಹಿಡಿಯುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಈ ಲೆಕ್ಕದಲ್ಲಿ ನಿಮಗೆ ಅದು 37ರಿಂದ 39ರ ಸುಮಾರಿಗೆ ಬರುತ್ತದೆ. ಅದು ಅಸಾಧ್ಯದ ವಯಸ್ಸಲ್ಲ, ಆದರೆ ಎಲ್ಲ ಬಾಗಿಲುಗಳಿಗೂ ಹೊಂದುವ ವಯಸ್ಸೂ ಅಲ್ಲ.

ವಾರಪತ್ರಿಕೆಯ ಶೊನೆನ್ ಧಾರಾವಾಹಿ, ಅಂದರೆ ಹುಡುಗರಿಗಾಗಿ ಬರುವ ಮಾಂಗಾ, ವಾರಕ್ಕೆ 19 ಪುಟದ ಸುಮಾರು ಕೇಳುತ್ತದೆ. ಎರಡು ಮೂರು ದಿನ ಕಥೆಯ ಕರಡಿಗೆ, ಉಳಿದ ದಿನ ಸಹಾಯಕರ ಜೊತೆ ಕೂತು ಚಿತ್ರಕ್ಕೆ. ನಿದ್ದೆ, ಬೆನ್ನು, ಮಣಿಕಟ್ಟು ಎಲ್ಲದರ ಮೇಲೂ ಹೊರೆ. ಅಲ್ಲಿನ ಸಂಪಾದಕರು ಎಳೆಯರನ್ನು ಹುಡುಕುವುದಕ್ಕೆ ಇದೊಂದೇ ಕಾರಣವಲ್ಲ. ಕಲಾವಿದನನ್ನು ತಿದ್ದಿ ಬೆಳೆಸಲು ಅವರು ವರ್ಷಗಟ್ಟಲೆ ಸಮಯ ಹಾಕುತ್ತಾರೆ, ಆಮೇಲೆ ಹತ್ತು ಹದಿನೈದು ವರ್ಷ ನಡೆಯುವ ಧಾರಾವಾಹಿಯ ಆಸೆ ಇಟ್ಟುಕೊಂಡಿರುತ್ತಾರೆ. ಹದಿಮೂರರ ಹುಡುಗ ಇವತ್ತು ಯಾವುದಕ್ಕೆ ನಗುತ್ತಾನೆ ಎಂದು ಹತ್ತಿರದಿಂದ ಬಲ್ಲವರೂ ಬೇಕಾಗುತ್ತಾರೆ. ಹಾಗಾಗಿ ನಿಮ್ಮ ಮೊದಲ ಗುರಿ ಅದಾಗಿದ್ದರೆ ಬದಲಿಸಿ ಎಂದೇ ಹೇಳುತ್ತೇವೆ.

ಆದರೆ ಮಾಂಗಾ ಎಂದರೆ ಅದೊಂದೇ ಅಲ್ಲ. ವಯಸ್ಕ ಓದುಗರ ಸೈನೆನ್ ಪತ್ರಿಕೆಗಳಿವೆ. 1968ರಲ್ಲಿ ಶುರುವಾದ ‘ಬಿಗ್ ಕಾಮಿಕ್’, 1982ರ ‘ಮಾರ್ನಿಂಗ್’, 1986ರ ಮಾಸಿಕ ‘ಆಫ್ಟರ್‌ನೂನ್’ ಈ ಸಾಲಿನವು. ಅಲ್ಲಿ ಕಚೇರಿ, ಅಡುಗೆಮನೆ, ಆಸ್ಪತ್ರೆ, ಸಾಲ, ವಿಚ್ಛೇದನ ಎಲ್ಲವೂ ಕಥೆಯಾಗುತ್ತವೆ. ಲೆಕ್ಕಪತ್ರದಲ್ಲಿ ಹತ್ತು ವರ್ಷ ಕಳೆದವರಿಗೆ ಒಂದು ಸುಳ್ಳು ಬಿಲ್ಲು ಹೇಗೆ ಹುಟ್ಟುತ್ತದೆ, ಅದನ್ನು ಹಿಡಿಯುವವನ ಎದೆ ಯಾವ ಸಾಲಿಗೆ ಬಂದಾಗ ಹೊಡೆದುಕೊಳ್ಳುತ್ತದೆ ಎಂದು ಗೊತ್ತಿರುತ್ತದೆ. ಇಪ್ಪತ್ತರ ಹುಡುಗನಿಗೆ ಗೊತ್ತಿರುವುದಿಲ್ಲ. ನಿಮ್ಮ ವಯಸ್ಸು ಕೆಲಸಕ್ಕೆ ಬರುವುದು ಇಲ್ಲಿ.

ತಡವಾಗಿ ಬಂದವರ ಉದಾಹರಣೆಗಳೂ ಇವೆ. ಹಿರೊಮು ಅರಕಾವಾ ಹೊಕ್ಕೈಡೋದ ಹೈನುಗಾರಿಕೆ ಮನೆಯವರು. ಶಾಲೆ ಮುಗಿದ ಮೇಲೆ ಏಳು ವರ್ಷ ಮನೆಯ ಹಸು, ಹೊಲ ನೋಡಿಕೊಂಡು 1999ರಲ್ಲಿ ಟೋಕಿಯೋಗೆ ಹೋದರು. ಅವರಿಗೆ ದೊಡ್ಡ ಹೆಸರು ತಂದ ಧಾರಾವಾಹಿ ಶುರುವಾದದ್ದು 2001ರಲ್ಲಿ, 28ರ ವಯಸ್ಸಿನಲ್ಲಿ. 1922ರಲ್ಲಿ ಹುಟ್ಟಿದ ಶಿಗೆರು ಮಿಜುಕಿ ಯುದ್ಧದಲ್ಲಿ ಎಡಗೈ ಕಳೆದುಕೊಂಡರು. ಬಾಡಿಗೆ ಪುಸ್ತಕದಂಗಡಿಗಳಿಗಾಗಿ ಮಾಂಗಾ ಮಾಡತೊಡಗಿದಾಗ ಅವರಿಗೆ 35ರ ಸುಮಾರು, ಕೊದಾನ್ಶಾ ಪ್ರಶಸ್ತಿ ಬಂದದ್ದು 1965ರಲ್ಲಿ, 43ಕ್ಕೆ. ನಜುನಾ ಸೈಟೋ ಹೊಸಬರ ಪ್ರಶಸ್ತಿ ಪಡೆದು ಮಾಂಗಾಕ್ಕೆ ಕಾಲಿಟ್ಟದ್ದು ನಲವತ್ತರ ಹರೆಯದಲ್ಲಿ. ಇವರಲ್ಲಿ ಅರಕಾವಾ ಹೊಲದ ಕೆಲಸದ ನಡುವೆಯೂ ಚಿತ್ರ ಬಿಟ್ಟಿರಲಿಲ್ಲ, ಮಿಜುಕಿ ಮಾಂಗಾಕ್ಕೆ ಮುಂಚೆ ಕಾಗದದ ಚಿತ್ರಗಳನ್ನು ತೋರಿಸುತ್ತ ಕಥೆ ಹೇಳುವ ಕಾಮಿಶಿಬಾಯಿಗೆ ಚಿತ್ರ ಬರೆದಿದ್ದರು, ಸೈಟೋ ಇಲಸ್ಟ್ರೇಟರ್ ಆಗಿದ್ದರು ಎಂಬುದನ್ನೂ ಗಮನಿಸಿ. ತಡವಾದದ್ದು ಪ್ರವೇಶ ಮಾತ್ರ, ಕೈ ಮೊದಲೇ ಓಡಿತ್ತು. ನಿಮ್ಮ ಎರಡು ವರ್ಷದ ಅಭ್ಯಾಸದಲ್ಲಿ ಮುಗಿದ ಕಥೆಗಳೆಷ್ಟು? ಪತ್ರದಲ್ಲಿ ಅದನ್ನು ನೀವು ಬರೆದಿಲ್ಲ. ಸಂಪಾದಕರು ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: 41 ವರ್ಷ, ಪ್ರೌಢಶಾಲೆ ಶಿಕ್ಷಕಿ. ದಿನಕ್ಕೆ ಒಂದೂವರೆ ಗಂಟೆ ಸಿಗುತ್ತದೆ. ಮೂರು ಕಥೆ ಶುರು ಮಾಡಿದೆ, ಮೂರೂ ಏಳೆಂಟು ಪುಟಕ್ಕೆ ನಿಂತವು. ವಯಸ್ಸಿನಿಂದ ಹೀಗೋ, ಶಿಸ್ತಿಲ್ಲದೆಯೋ?
– ಮೈಸೂರು

ಉತ್ತರ: ಎರಡೂ ಅಲ್ಲ ಅನಿಸುತ್ತದೆ. ನೀವು ಬಹುಶಃ ‘ನೇಮು’ ಮಾಡದೆ ನೇರವಾಗಿ ಮೊದಲ ಪುಟಕ್ಕೆ ಮಸಿ ಹಾಕಲು ಕೂತಿದ್ದೀರಿ. ಏಳೆಂಟನೇ ಪುಟದಲ್ಲಿ ನಿಲ್ಲುವ ಕಥೆಗಳ ಸಾಮಾನ್ಯ ರೋಗ ಇದು. ಮೊದಲ ಪುಟಗಳಿಗೆ ತಿಂಗಳು ಸುರಿದಾಗ ಕೈ ಸುಧಾರಿಸುತ್ತದೆ, ಆಗ ಒಂದನೇ ಪುಟ ಕೆಟ್ಟದಾಗಿ ಕಾಣುತ್ತದೆ, ಮುಂದೇನು ಎಂಬುದೂ ಗೊತ್ತಿರುವುದಿಲ್ಲ.

ಜಪಾನಿನಲ್ಲಿ ನೇಮು ಎಂದರೆ ಇಡೀ ಕಥೆಯ ಒರಟು ಕರಡು. ಪ್ರತಿ ಪುಟಕ್ಕೂ ಚೌಕಗಳನ್ನು ಹಂಚಿ, ಮೊಟ್ಟೆಯಂಥ ತಲೆ, ಕಡ್ಡಿಯಂಥ ಕೈಕಾಲು ಗೀಚಿ, ಮಾತನ್ನು ಮಾತ್ರ ಪೂರ್ತಿ ಬರೆದಿರಬೇಕು. ಸಂಪಾದಕರು ತಿದ್ದುವುದು ಇದನ್ನು. ಚಿತ್ರ ಆಮೇಲಿನ ಮಾತು. ಶಾಲೆಯ ಕೋರಾ ನೋಟ್‌ಬುಕ್ ಸಾಕು. ಹದಿನಾರು ಪುಟಕ್ಕೆ ಮಿತಿ ಹಾಕಿ. ಇಬ್ಬರು ಪಾತ್ರಗಳು, ಒಂದು ಜಾಗ, ಒಂದು ದಿನ. ನೇಮುವನ್ನು ಎರಡು ವಾರದಲ್ಲಿ ಮುಗಿಸಿ, ಮೂರು ದಿನ ಕಣ್ಣಿಗೆ ಬೀಳದ ಹಾಗೆ ಇಡಿ. ಆಮೇಲೆ ಮಾಂಗಾ ಓದದ ಯಾರಿಗಾದರೂ ಕೊಟ್ಟು, ಅವರ ಬೆರಳು ಯಾವ ಚೌಕದಲ್ಲಿ ತಡೆದು ಹಿಂದಕ್ಕೆ ಹೋಗುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಿ. ತಡೆದ ಕಡೆಯೆಲ್ಲ ಗುರುತು ಹಾಕಿ ತಿದ್ದಿ. ಮಸಿ ಹಾಕುವ ಮುಂಚೆ ಮಾಡುವ ಈ ಕೆಲಸ ವಾರಗಟ್ಟಲೆ ದುಡಿಮೆ ಉಳಿಸುತ್ತದೆ.

ಗಂಟೆಯ ಲೆಕ್ಕ ಹೀಗೆ. ಹೊಸಬರಿಗೆ ಪೆನ್ಸಿಲ್, ಮಸಿ, ಹಿನ್ನೆಲೆ, ಟೋನ್ (ನೆರಳಿಗೆ ಹಾಕುವ ಚುಕ್ಕೆಗಳ ವಿನ್ಯಾಸ), ಅಕ್ಷರ ಎಲ್ಲ ಸೇರಿ ಪುಟಕ್ಕೆ 8ರಿಂದ 10 ಗಂಟೆ ಇಟ್ಟುಕೊಳ್ಳಿ. 16 ಪುಟಕ್ಕೆ 130ರಿಂದ 160 ಗಂಟೆ. ನಿಮ್ಮ ಒಂದೂವರೆ ಗಂಟೆ ವಾರಕ್ಕೆ ಹತ್ತು ಗಂಟೆಯ ಹತ್ತಿರ ಬರುತ್ತದೆ. ಅಂದರೆ ನಾಲ್ಕು ತಿಂಗಳಿಗೆ ಒಂದು ಕಥೆ, ಪರೀಕ್ಷೆ, ಮೌಲ್ಯಮಾಪನದ ದಿನಗಳನ್ನು ಕಳೆದರೂ ವರ್ಷಕ್ಕೆ ಎರಡು. ಪುಟಗಳನ್ನು ಒಂದೊಂದಾಗಿ ಪೂರ್ತಿ ಮುಗಿಸುತ್ತ ಹೋಗಬೇಡಿ. ಹದಿನಾರಕ್ಕೂ ಪೆನ್ಸಿಲ್, ಆಮೇಲೆ ಹದಿನಾರಕ್ಕೂ ಮಸಿ, ಕೊನೆಗೆ ಟೋನ್. ಹೀಗೆ ಮಾಡಿದರೆ ಮೊದಲ ಪುಟದ ಮುಖವೂ ಕೊನೆಯ ಪುಟದ ಮುಖವೂ ಒಬ್ಬರದೇ ಆಗಿ ಉಳಿಯುತ್ತವೆ.

ಅಳತೆಗಳನ್ನು ಮೊದಲ ದಿನವೇ ಸರಿ ಮಾಡಿಕೊಳ್ಳಿ. ಪತ್ರಿಕೆಗೆ ಕಳಿಸುವ ಹಸ್ತಪ್ರತಿ ಬಿ4 ಕಾಗದದ್ದು: 257×364 ಮಿಮೀ. ಕತ್ತರಿಸಿದ ಮೇಲೆ ಉಳಿಯುವ ಅಳತೆ 220×310, ಮಾತು ಮತ್ತು ಮುಖ್ಯ ಚಿತ್ರ ಇರಬೇಕಾದ ಒಳಚೌಕಟ್ಟು 180×270. ಪುಟದ ಅಂಚಿಗೆ ಚಿತ್ರ ಹರಿಸುವುದಾದರೆ ಕತ್ತರಿಸುವ ಗೆರೆಯಿಂದ ಕನಿಷ್ಠ 5 ಮಿಮೀ ಹೊರಗೆ ಎಳೆಯಿರಿ, ಇಲ್ಲದಿದ್ದರೆ ಅಚ್ಚಿನಲ್ಲಿ ಬಿಳಿ ಎಳೆ ಉಳಿಯುತ್ತದೆ. ಕಂಪ್ಯೂಟರಿನಲ್ಲಾದರೆ 600 ಡಿಪಿಐ, ಗೆರೆಗೆ ಕಪ್ಪು-ಬಿಳುಪು ಮಾತ್ರ, ಬೂದು ಬೇಡ. ಪುಟಕ್ಕೆ ಐದಾರು ಚೌಕ ಸಾಕು. ಜಪಾನಿ ಪುಸ್ತಕ ಬಲದಿಂದ ಎಡಕ್ಕೆ ಸಾಗುವುದರಿಂದ ಮೊದಲ ಪುಟ ಎಡಗಡೆ ಬರುತ್ತದೆ, 2 ಮತ್ತು 3 ಎದುರುಬದುರು. ಹಾಗಾಗಿ 3, 5, 7ನೇ ಪುಟಗಳ ಕೊನೆಯ ಚೌಕ ಎಡಗಡೆ ಕೆಳಮೂಲೆಯಲ್ಲಿ ಕೂರುತ್ತದೆ. ಬಾಗಿಲ ಮೇಲೆ ಕೈಯಿಟ್ಟ ಹುಡುಗಿಯನ್ನು ಅಲ್ಲಿ ಇಡಿ, ಬಾಗಿಲ ಹಿಂದೆ ಏನಿದೆ ಎಂಬುದು ಪುಟ ತಿರುವಿದ ಮೇಲೆ. ಅದೇ ಚಿತ್ರವನ್ನು ಎದುರುಬದುರು ಪುಟಗಳಲ್ಲಿ ಇಟ್ಟರೆ ಕಣ್ಣು ಮೊದಲೇ ನೋಡಿಬಿಡುತ್ತದೆ, ಅಚ್ಚರಿ ಸತ್ತುಹೋಗುತ್ತದೆ.

ಪ್ರಶ್ನೆ: ಮಗಳಿಗೆ 16. ಪಿಯುಸಿ ಬಿಟ್ಟು ಮಾಂಗಾ ಕಲಿಯುತ್ತೇನೆ, ಚಿಕ್ಕ ವಯಸ್ಸಿನಲ್ಲೇ ಹೋಗಬೇಕು ಎನ್ನುತ್ತಾಳೆ. ಏನು ಮಾಡಲಿ?
– ಉಡುಪಿ

ಉತ್ತರ: ಓದು ಬಿಡುವ ಅಗತ್ಯ ಏನೂ ಇಲ್ಲ. ಮಾಂಗಾದ ದಿಗ್ಗಜ ಒಸಾಮು ತೆಜುಕಾ 1946ರಲ್ಲಿ, 17ರ ವಯಸ್ಸಿನಲ್ಲಿ ಪತ್ರಿಕೆಯಲ್ಲಿ ಕಾಣಿಸಿಕೊಂಡರು, ಆದರೂ ಒಸಾಕಾದಲ್ಲಿ ವೈದ್ಯಕೀಯ ಓದು ಮುಗಿಸಿದರು. ಪಿಯುಸಿ ಆದ ಮೇಲೂ ಆಸೆ ಹೀಗೇ ಇದ್ದರೆ ಓದಿನ ಮೂಲಕವೇ ಆ ದಾರಿ ಹಿಡಿಯಬಹುದು: ಕ್ಯೋತೋ ಸೈಕಾ ವಿಶ್ವವಿದ್ಯಾಲಯದಲ್ಲಿ 2006ರಿಂದ ಮಾಂಗಾಕ್ಕೇ ಒಂದು ವಿಭಾಗವಿದೆ. ಅದಕ್ಕೆ ಜಪಾನಿ ಭಾಷೆ ಬೇಕು, ಅದನ್ನು ಈಗಲೇ ಶುರು ಮಾಡಲಿ. ಈ ವರ್ಷ ರಜೆಗಳಲ್ಲಿ ಎಂಟು ಪುಟದ ಎರಡು ಕಥೆ ಮುಗಿಸಲು ಹೇಳಿ. ಮುಗಿಸಿದರೆ ನೀವೂ ಆಕೆಯ ಆಸೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು, ಒಳ್ಳೆಯ ಪೆನ್ ಟ್ಯಾಬ್ಲೆಟ್ ಕೊಡಿಸುವ ಸಮಯ ಅದು.

ಪ್ರಶ್ನೆ: 52 ವರ್ಷ, ಡ್ರಾಯಿಂಗ್ ಮಾಸ್ತರ. ಗೆರೆ ಗಟ್ಟಿಯಾಗಿದೆ, ಆದರೆ ಎರಡು ತಾಸು ಕೂತರೆ ಹೆಬ್ಬೆರಳ ಬುಡ ನೋಯುತ್ತದೆ, ಸಣ್ಣ ಗೆರೆ ಕಾಣುವುದಿಲ್ಲ. ನಿಬ್ಬಿನಲ್ಲಿ ಮಾಡಲೋ, ಐಪ್ಯಾಡ್ ಕೊಳ್ಳಲೋ?
– ಹುಬ್ಬಳ್ಳಿ

ಉತ್ತರ: ಮೊದಲು ಹೆಬ್ಬೆರಳು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗಿನ ನೋವು ಅಲ್ಲಿನ ಸ್ನಾಯುರಜ್ಜು ಉರಿಯೂತದಿಂದ ಇರಬಹುದು, ಮಾಂಗಾ ಕಲಾವಿದರಲ್ಲಿ ಯಾವ ವಯಸ್ಸಿನವರಿಗೂ ಇದು ಹತ್ತಿರದ ಕಾಯಿಲೆ. ಎರಡು ವಾರಕ್ಕೂ ಇಳಿಯದಿದ್ದರೆ ಮೂಳೆ ತಜ್ಞರನ್ನು ನೋಡಿ, ನೋವಿನ ಮಾತ್ರೆ ನುಂಗಿ ಬರೆಯುವುದು ಬೇಡ. ಪೆನ್ನು ತೆಳ್ಳಗಿದ್ದಷ್ಟೂ ಬಿಗಿಯಾಗಿ ಹಿಡಿಯುತ್ತೇವೆ, ಹಿಡಿಕೆಗೆ ಮೆತ್ತನೆಯ ರಬ್ಬರ್ ಹಿಡಿತ ಹಾಕಿ ದಪ್ಪ ಮಾಡಿಕೊಳ್ಳಿ. ಉದ್ದ ಗೆರೆಗಳನ್ನು ಮೊಣಕೈಯಿಂದ, ಭುಜದಿಂದ ಎಳೆಯಿರಿ. ಬೋರ್ಡಿನ ಮೇಲೆ ಬರೆದ ನಿಮಗೆ ಇದು ಹೊಸದಲ್ಲ, ಮೇಜಿಗೆ ಬಂದಾಗ ಮರೆತುಹೋಗಿರುತ್ತದೆ ಅಷ್ಟೆ. ಮೇಜನ್ನು 20 ಡಿಗ್ರಿಯಷ್ಟು ಓರೆ ಮಾಡಿ, 40 ನಿಮಿಷಕ್ಕೊಮ್ಮೆ ಏಳಿ.

ಜಿ-ಪೆನ್ ನಿಬ್ಬು ಒತ್ತಿದರೆ ದಪ್ಪ, ಬಿಟ್ಟರೆ ತೆಳು. ಪಾತ್ರದ ಹೊರಗೆರೆಗೆ ಅದು, ಕೂದಲು ಕಣ್ಣುಗಳಿಗೆ ತೆಳು ನಿಬ್ಬಿನ ಮಾರು-ಪೆನ್. ಹೊಸ ನಿಬ್ಬಿನ ಮೇಲೆ ತುಕ್ಕು ತಡೆಯುವ ಎಣ್ಣೆಯ ಪದರ ಇರುತ್ತದೆ. ಅದನ್ನು ಒರೆಸದಿದ್ದರೆ ಮಸಿ ಹನಿಹನಿಯಾಗಿ ಜಾರಿ ಗೆರೆ ಒಡೆಯುತ್ತದೆ, ಜನ ಮಸಿಯನ್ನು ಬೈಯುತ್ತಾರೆ. ನಿಮ್ಮ ಗೆರೆ ಗಟ್ಟಿ ಇದ್ದರೂ ಆರು ತಿಂಗಳ ಮಟ್ಟಿಗೆ ಡಿಜಿಟಲ್ ಕಲಿಯಿರಿ ಎನ್ನುತ್ತೇವೆ, ಕಾರಣ ಕಣ್ಣು: ಪರದೆಯಲ್ಲಿ ಹಿಗ್ಗಿಸಿ ನೋಡಬಹುದು. ಆದರೆ ಅದರಲ್ಲೇ ಒಂದು ಅಪಾಯ ಇದೆ. ನಾನೂರು ಪರ್ಸೆಂಟ್ ಹಿಗ್ಗಿಸಿ ರೆಪ್ಪೆಯ ಕೂದಲು ಒಂದೊಂದನ್ನೂ ಬಿಡಿಸಿದರೆ ಅಚ್ಚಿನಲ್ಲಿ ಅದು ಮಸಿಯ ಕಲೆಯಾಗುತ್ತದೆ. ಬಿ4ರಲ್ಲಿ ಮಾಡಿದ ಪುಟ ಬಿ5 ಪತ್ರಿಕೆಯಲ್ಲಿ ಸುಮಾರು 83%ಗೆ ಇಳಿಯುತ್ತದೆ, ಪುಸ್ತಕವಾಗುವಾಗ ಇನ್ನೂ ಕಿರಿದು. ನಾಲ್ಕು ಪುಟಕ್ಕೊಮ್ಮೆ ಮುದ್ರಿಸಿ, ಕೈಚಾಚಿದ ದೂರದಲ್ಲಿ ಹಿಡಿದು ನೋಡಿ.

ಐಪ್ಯಾಡೇ ಆಗಬೇಕೆಂದಿಲ್ಲ, ಒತ್ತಡ ಗುರುತಿಸುವ ಪೆನ್ ಇರುವ ಸಾಧಾರಣ ಟ್ಯಾಬ್ಲೆಟ್ ಮತ್ತು ಮನೆಯ ಕಂಪ್ಯೂಟರ್ ನಡೆಯುತ್ತದೆ. ಕ್ಲಿಪ್ ಸ್ಟುಡಿಯೋ ಪೇಂಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಚೌಕ, ಟೋನ್, ಮಾತಿನ ಗುಳ್ಳೆ ಎಲ್ಲವೂ ಮಾಂಗಾಕ್ಕೆಂದೇ ಇವೆ. ಚುಕ್ಕೆಯ ಟೋನ್ ಹಾಕಿದ ಪುಟವನ್ನು ಮೊಬೈಲಿಗೆಂದು ಕುಗ್ಗಿಸಬೇಡಿ, ಚುಕ್ಕೆಗಳು ಒಂದಕ್ಕೊಂದು ಸಿಕ್ಕಿ ಅಲೆಅಲೆಯಾದ ಜಾಲರಿ ಮೂಡುತ್ತದೆ. ಅಂತರ್ಜಾಲಕ್ಕೆ ಬೂದು ಬಣ್ಣದ ಪ್ರತಿ, ಅಚ್ಚಿಗೆ ಚುಕ್ಕೆಯ ಪ್ರತಿ, ಎರಡನ್ನೂ ಬೇರೆ ಇಡಿ.

ಪ್ರಶ್ನೆ: ಒಸಾಕಾದಲ್ಲಿ ಎಂಜಿನಿಯರ್, 29 ವರ್ಷ, ಊರು ಧಾರವಾಡ. 32 ಪುಟದ ಕಥೆ ಸಿದ್ಧವಿದೆ. ಪ್ರಕಾಶಕರ ಬಳಿ ಹೋದರೆ ವಯಸ್ಸು ಕೇಳುತ್ತಾರಂತೆ. ಕಡಿಮೆ ಹೇಳಬಹುದೇ?

ಉತ್ತರ: ಬೇಡವೇ ಬೇಡ. ಕೇಳುವುದು ನಿಜ, ಆದರೆ ಎಷ್ಟು ಕಾಲದಿಂದ ಮಾಡುತ್ತಿದ್ದೀರಿ, ಇದು ಎಷ್ಟನೆಯ ಕಥೆ ಎಂಬುದರ ಜೊತೆ ಸೇರಿಸಿ ತೂಗುತ್ತಾರೆ. 29ರವನ ಎರಡನೇ ಕಥೆ, 22ರವನ ಹತ್ತನೇ ಕಥೆ ಎರಡೂ ಒಂದೇ ಮಟ್ಟದಲ್ಲಿದ್ದರೆ ಬೆಳೆಯುವ ವೇಗ 29ರವನದೇ ಹೆಚ್ಚು. ಅದು ಅವರಿಗೆ ಕಾಣುತ್ತದೆ.

ಹಸ್ತಪ್ರತಿ ಒಯ್ದು ತೋರಿಸುವುದಕ್ಕೆ ಮೊಚಿಕೊಮಿ ಎನ್ನುತ್ತಾರೆ. ಮುಂಚೆ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ, ಈಗ ಆನ್‌ಲೈನ್‌ನಲ್ಲೂ ನೋಡುವವರಿದ್ದಾರೆ. ಸಂಪಾದಕರು ನಿಮ್ಮೆದುರಿಗೇ ಓದುತ್ತಾರೆ. ಅವರು ಪುಟ ತಿರುವುವ ವೇಗ ಗಮನಿಸಿ, ಎಲ್ಲಿ ನಿಧಾನವಾಯಿತು, ಎಲ್ಲಿ ಹಿಂದೆ ಹೋದರು ಎಂದು ನೆನಪಿಡಿ. ಓದುವಾಗ ಕಥೆ ವಿವರಿಸಲು ಹೋಗಬೇಡಿ. ಟೀಕೆ ಬಂದಾಗ ವಾದ ಬೇಡ, ಬರೆದುಕೊಳ್ಳಿ. ಹೊರಡುವಾಗ ತಮ್ಮ ವಿಸಿಟಿಂಗ್ ಕಾರ್ಡ್ ಕೊಟ್ಟು ‘ಮುಂದಿನದನ್ನು ತನ್ನಿ’ ಎಂದರೆ ಅದು ನಿಜವಾದ ಒಪ್ಪಿಗೆಯ ಗುರುತು, ಎರಡು ತಿಂಗಳೊಳಗೆ ಹೊಸ ನೇಮು ಒಯ್ಯಿರಿ. ಕಾರ್ಡ್ ಸಿಗದಿದ್ದರೆ ಅದೇ ಕಥೆಯನ್ನು ಬೇರೆ ಪತ್ರಿಕೆಗೆ ತೋರಿಸಲು ಅಡ್ಡಿಯಿಲ್ಲ. ಟೋಕಿಯೋ ಬಿಗ್ ಸೈಟ್‌ನಲ್ಲಿ ನಡೆಯುವ ಕೊಮಿತಿಯಾ ಮೇಳ ಸ್ವಂತ ಕಥೆಗಳಿಗಷ್ಟೇ ಮೀಸಲು. ಅಲ್ಲಿ ಹಲವು ಪತ್ರಿಕೆಗಳ ಸಂಪಾದಕರು ಮೇಜು ಹಾಕಿ ಕೂತಿರುತ್ತಾರೆ, ಒಂದೇ ದಿನದಲ್ಲಿ ಮೂರು ನಾಲ್ಕು ಅಭಿಪ್ರಾಯ ಸಿಗುತ್ತದೆ.

ಜಪಾನಿ ಸಂಭಾಷಣೆಯನ್ನು ಆ ಭಾಷೆ ಆಡಿ ಬೆಳೆದವರಿಂದ ತಿದ್ದಿಸಿ. ನಿಮ್ಮ ವೀಸಾ ಎಂಜಿನಿಯರ್ ಕೆಲಸಕ್ಕೆ ಕೊಟ್ಟದ್ದು, ಮಾಂಗಾದಿಂದ ಹಣ ಪಡೆಯುವ ಮುಂಚೆ ವಲಸೆ ಕಚೇರಿಯಲ್ಲಿ ಪ್ರತ್ಯೇಕ ಅನುಮತಿ ವಿಚಾರಿಸಿ, ಕಂಪನಿಯ ನಿಯಮವನ್ನೂ ನೋಡಿ. ಧಾರಾವಾಹಿ ಸಿಕ್ಕ ಕೂಡಲೇ ಕೆಲಸ ಬಿಡಬೇಡಿ. ಪತ್ರಿಕೆ ಕೊಡುವುದು ಪುಟದ ಲೆಕ್ಕದ ಗೌರವಧನ, ಸಹಾಯಕರ ಸಂಬಳ ಅದರಿಂದಲೇ ಹೋಗಬೇಕು. ಪುಸ್ತಕ ಮಾರಾಟವಾದಾಗ ಬರುವ ರಾಯಧನ ಸಾಮಾನ್ಯವಾಗಿ ಮುಖಬೆಲೆಯ 10%ರ ಸುಮಾರು, ಆದರೆ ಮೊದಲ ಪುಸ್ತಕ ಬರುವಷ್ಟು ಅಧ್ಯಾಯ ಸೇರಲು ತಿಂಗಳುಗಳು ಬೇಕು. ಆ ನಡುವಿನ ತಿಂಗಳುಗಳಿಗೇ ಉಳಿತಾಯ ಬೇಕಾಗುವುದು.

ಪ್ರಶ್ನೆ: 38 ವರ್ಷ. ಕಥೆ ಬರುತ್ತದೆ, ಚಿತ್ರ ಬರುವುದಿಲ್ಲ. ಈ ವಯಸ್ಸಿನಲ್ಲಿ ಚಿತ್ರ ಕಲಿಯಬೇಕೇ?
– ಬೆಂಗಳೂರು

ಉತ್ತರ: ನೇಮು ಗೀಚುವಷ್ಟು ಕಲಿತರೆ ಸಾಕು. ‘ಡೆತ್ ನೋಟ್’ನಲ್ಲಿ ಕಥೆ ತ್ಸುಗುಮಿ ಓಬಾ ಅವರದು, ಚಿತ್ರ ತಾಕೆಶಿ ಒಬಾತಾ ಅವರದು. ಕಥೆಗಾರರಾದರೂ ಗದ್ಯದಲ್ಲಿ ಕೊಡುವುದಕ್ಕಿಂತ ಚೌಕ ಹಂಚಿ ಕೊಟ್ಟರೆ ಚಿತ್ರಕಾರರಿಗೆ ಹತ್ತಿರವಾಗುತ್ತೀರಿ.

ಪ್ರಶ್ನೆ: 45 ವರ್ಷ. ಜಪಾನಿ ಬಾರದು, ಹೋಗುವ ಶಕ್ತಿಯೂ ಇಲ್ಲ. ಊರಲ್ಲೇ ಕೂತು ಕಳಿಸುವ ದಾರಿ ಇದೆಯೇ? ಕನ್ನಡದಲ್ಲೇ ಮಾಂಗಾ ಮಾಡಿದರೆ ಹೇಗೆ?
– ಶಿವಮೊಗ್ಗ

ಉತ್ತರ: ದಾರಿ ಇದೆ. ಸೈಲೆಂಟ್ ಮಾಂಗಾ ಆಡಿಷನ್ ಎಂಬ ಸ್ಪರ್ಧೆ 2012ರಲ್ಲಿ ಶುರುವಾದದ್ದು, ಮಾತೇ ಇಲ್ಲದ ಕಥೆಗಳನ್ನು ಯಾವ ದೇಶದಿಂದಲೂ ಕರೆಯಿತು. ಜಪಾನಿನ ವಿದೇಶಾಂಗ ಸಚಿವಾಲಯ 2007ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಮಾಂಗಾ ಪ್ರಶಸ್ತಿ ಜಪಾನಿನ ಹೊರಗಿನವರಿಗೆಂದೇ ಇದೆ. ಶುಯೇಶಾದ ಮಾಂಗಾ ಪ್ಲಸ್ ಕ್ರಿಯೇಟರ್ಸ್ ಇಂಗ್ಲಿಷ್ ಕಥೆಗಳನ್ನು ತೆಗೆದುಕೊಳ್ಳುತ್ತದೆ. ಕಳಿಸುವ ಮುನ್ನ ಆ ವರ್ಷದ ನಿಯಮ, ಪುಟಮಿತಿ ಓದಿ. ಮಾತಿಲ್ಲದ ಕಥೆಯಿಂದ ಶುರು ಮಾಡುವುದು ನಿಮಗೆ ಒಳ್ಳೆಯದು. ಚಿತ್ರ ಕಥೆಯನ್ನು ಹೊರುತ್ತದೋ ಇಲ್ಲವೋ ಅಲ್ಲೇ ಬಯಲಾಗುತ್ತದೆ.

ಕನ್ನಡದಲ್ಲಿ ಮಾಡುವುದಾದರೆ ಎಡದಿಂದ ಬಲಕ್ಕೇ ಯೋಜಿಸಿ. ಮುಗಿದ ಮೇಲೆ ಕನ್ನಡಿಯಂತೆ ತಿರುಗಿಸಿದರೆ ಎಲ್ಲರೂ ಎಡಗೈಯಲ್ಲಿ ಊಟ ಮಾಡುತ್ತಾರೆ. ಜಪಾನಿ ಗುಳ್ಳೆಗಳು ಮೇಲಿನಿಂದ ಕೆಳಗೆ ಬರೆಯಲೆಂದು ಉದ್ದುದ್ದ ಇರುತ್ತವೆ. ಅದೇ ಆಕಾರ ತಂದರೆ ನಮ್ಮ ‘ಹೇಳಿಬಿಟ್ಟಿದ್ದೇನೆ’ ಎಂಬ ಒಂದೇ ಪದ ತುಂಡಾಗುತ್ತದೆ. ಗುಳ್ಳೆ ಅಗಲವಿರಲಿ, ಮಾತು ಆಡುಭಾಷೆಯಲ್ಲಿರಲಿ. ‘ಹೇಳ್ಬಿಟ್ಟಿದೀನಿ’ ಎಂದರೆ ಜಾಗವೂ ಉಳಿಯಿತು, ದನಿಯೂ ಬಂತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಅಕ್ಷರದೆತ್ತರದ ಒಂದೂವರೆ ಪಟ್ಟು ಬಿಡಿ. ಕೆಲವು ಚಿತ್ರ ಸಾಫ್ಟ್‌ವೇರ್‌ಗಳಲ್ಲಿ ಒತ್ತು ಬಿಚ್ಚಿಕೊಳ್ಳುತ್ತದೆ. ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ, ಒಡೆದರೆ ಅಕ್ಷರವನ್ನು ಬೇರೊಂದು ಸಾಫ್ಟ್‌ವೇರ್ ಆದ ಇಂಕ್‌ಸ್ಕೇಪ್‌ನಲ್ಲಿ ಜೋಡಿಸಿ ಚಿತ್ರವಾಗಿ ತಂದು ಇಡಿ.

ಇನ್ನು ಸದ್ದುಗಳು. ಮಾಂಗಾದಲ್ಲಿ ಎದೆ ‘ದೊಕಿ ದೊಕಿ’ ಎನ್ನುತ್ತದೆ, ಹೊಳೆಯುವುದು ‘ಕಿರಾ ಕಿರಾ’, ನಿಶ್ಶಬ್ದಕ್ಕೂ ‘ಶೀನ್’ ಎಂಬ ಸದ್ದಿದೆ. ಅವನ್ನು ಹಾಗೇ ಎತ್ತಿ ತರುವವರಿದ್ದಾರೆ. ಕನ್ನಡಕ್ಕೆ ಅದರ ಗತಿ ಬಂದಿಲ್ಲ. ಡವಡವ, ಮಿಣಮಿಣ, ಥಳಥಳ, ಸರಸರ, ಗಡಗಡ, ದಡಬಡ, ಗವ್ವೆನ್ನುವ ಕತ್ತಲು, ಬಿಕೋ ಎನ್ನುವ ಮನೆ: ಅನುಕರಣ ಪದಗಳಲ್ಲಿ ನಮ್ಮ ಭಾಷೆ ಜಪಾನಿಗೆ ಸರಿಸಾಟಿ. 45 ವರ್ಷ ಈ ಮಾತುಗಳನ್ನು ಕೇಳಿದ ಕಿವಿ ನಿಮ್ಮದು. ಅವನ್ನು ಫಾಂಟಿನಲ್ಲಿ ಹಾಕದೆ ಕೈಯಲ್ಲೇ ಬಿಡಿಸಿ. ‘ಬಿಕೋ’ ಎಂಬುದನ್ನು ತೆಳುವಾಗಿ, ಅಕ್ಷರಗಳ ನಡುವೆ ದೂರ ಬಿಟ್ಟು, ಖಾಲಿ ಹಜಾರದ ನೆಲದ ಮೇಲೆ; ‘ದಡಬಡ’ವನ್ನು ದಪ್ಪನೆಯ ಓರೆ ಅಕ್ಷರಗಳಲ್ಲಿ, ಚೌಕದ ಗೆರೆ ದಾಟಿಸಿ, ಮೆಟ್ಟಿಲಿನುದ್ದಕ್ಕೂ.